ದನಿ ಕೆಟ್ಟಿದ್ದು ಗಂಟಲಿಂದಲ್ಲ, ಹೊಟ್ಟೆಯಿಂದ!

ಬೆಳಿಗ್ಗೆ ಎದ್ದರೆ ಗೊಗ್ಗರು ದನಿ. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ. ಕೊಟ್ಟೂರಿನ ನಮ್ಮ ಭಜನಾ ಮಂಡಳಿಯಲ್ಲಿ ಹಾಡು ಎತ್ತಿಕೊಡುವವಳು ನಾನೇ. ಶ್ರಾವಣದಲ್ಲಂತೂ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಅಂತ ಕರೆದಲ್ಲೆಲ್ಲ ಹೋಗಿ ವಚನ, ಹರಪನಹಳ್ಳಿ ಭೀಮವ್ವನ ಹಾಡು ಹಾಡುತ್ತಿದ್ದೆವು. ಕಳೆದ ವರ್ಷ ಪಲ್ಲವಿಯಲ್ಲೇ ಸ್ವರ ಒಡೆಯಿತು. ‘ಇನ್ನು ಹಾಡೋದು ಸಾಕು’ ಅಂದುಕೊಂಡೆ.

ಶುಂಠಿ-ಮೆಣಸಿನ ಕಷಾಯ ಕುಡಿದೆ. ಉರಿ ಹೆಚ್ಚಾಯಿತೇ ಹೊರತು ದನಿ ಬರಲಿಲ್ಲ. ಕೊನೆಗೆ ಗಂಟಲು ತಜ್ಞರ ಬಳಿ ಹೋದೆ, ಎಂಡೋಸ್ಕೋಪಿಯೂ ಆಯಿತು. ‘ತೊಂದರೆ ಹೊಟ್ಟೆಯದಮ್ಮಾ, ಹಯಾಟಸ್ ಹರ್ನಿಯಾ’ ಅಂದರು.

ಏನಿದು?

ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಸ್ನಾಯುವಿನ ಪರದೆ ಇದೆ. ಅದರ ಕಿಂಡಿಯ ಮೂಲಕ ಅನ್ನನಾಳ ಕೆಳಗಿಳಿಯುತ್ತದೆ. ಕಿಂಡಿ ಸಡಿಲವಾದರೆ ಜಠರದ ಮೇಲ್ಭಾಗ ಎದೆಯತ್ತ ಜಾರುತ್ತದೆ. ಆಗ ಆಸಿಡ್ ಸುಲಭವಾಗಿ ಮೇಲೇರಿ ಧ್ವನಿತಂತುಗಳನ್ನು ಕೆರಳಿಸಬಹುದು. ಕೆಲವರಿಗೆ ಎದೆಯುರಿಯೇ ಇರುವುದಿಲ್ಲ, ದನಿ ಮಾತ್ರ ಕೆಡುತ್ತದೆ. ಹಾಡುವಾಗ ಉಸಿರಿಗಾಗಿ ಹೊಟ್ಟೆ ಬಿಗಿಹಿಡಿಯುತ್ತೇವಲ್ಲ, ಹೊಟ್ಟೆ ತುಂಬಿದ್ದರೆ ಆ ಒತ್ತಡಕ್ಕೆ ಆಸಿಡ್ ಇನ್ನಷ್ಟು ಮೇಲೆ ನುಗ್ಗುತ್ತದೆ. ನಾವೋ, ಮಿರ್ಚಿ-ಮಂಡಕ್ಕಿ ತಿಂದು ಚಹಾ ಕುಡಿದೇ ಹಾಡಲು ಕೂರುತ್ತಿದ್ದೆವು!

ಇನ್ನೊಂದು ತಪ್ಪು ನನ್ನ ಊಟದ ಹೊತ್ತಿನದು. ಎಲ್ಲರಿಗೂ ಬಡಿಸಿ, ಹತ್ತೂವರೆಗೆ ಉಂಡು, ಪಾತ್ರೆ ತೊಳೆದವಳೇ ಹಾಸಿಗೆಗೆ. ನಮ್ಮಲ್ಲಿ ಎಷ್ಟು ಜನರದ್ದು ಇದೇ ಕಥೆ ಅಲ್ವಾ?

ಹೀಗೆ ಮಾಡಿ

* ಮಲಗುವ 3 ಗಂಟೆ ಮೊದಲೇ ಊಟ ಮುಗಿಸಿ. ಈಗ ನಾನು ಮಕ್ಕಳ ಜೊತೆಗೇ 7.30ಕ್ಕೆ ಉಣ್ಣುತ್ತೇನೆ. ಯಜಮಾನರು ತಾವೇ ಬಡಿಸಿಕೊಳ್ಳುತ್ತಾರೆ. ಮೊದಲು ಮುಖ ಸಿಂಡರಿಸಿದ ಅತ್ತೆಯವರೂ ಈಗ ನನ್ನ ಪಂಕ್ತಿಗೇ!

* ಹಾಡುವ ಮೊದಲು 2 ಗಂಟೆ ಹೊಟ್ಟೆ ತುಂಬ ತಿನ್ನಬೇಡಿ. ಕರಿದದ್ದು, ಖಾರ, ಕಾಫಿ-ಟೀ ಆಮೇಲಿರಲಿ.

* ಮಂಚದ ತಲೆಯ ಕಡೆಯ ಕಾಲುಗಳಿಗೆ ಮರದ ತುಂಡು ಕೊಟ್ಟು 6ರಿಂದ 8 ಅಂಗುಲ ಎತ್ತರಿಸಿ. ಬರೀ ಎರಡು ದಿಂಬು ಸಾಲದು. ಎಡಮಗ್ಗುಲಿಗೆ ಮಲಗಿ.

* ಲಂಗದ ಲಾಡಿ ಬಿಗಿಯಾಗಿ ಕಟ್ಟಬೇಡಿ.

* ಪದೇ ಪದೇ ಕ್ಯಾಕರಿಸಬೇಡಿ. ಗುಟುಕು ನೀರು ಕುಡಿಯಿರಿ.

* ಆಸಿಡ್ ತಗ್ಗಿಸುವ ಮಾತ್ರೆಯನ್ನು ವೈದ್ಯರು ಹೇಳಿದ ಹೊತ್ತಿಗೆ, ಹೇಳಿದಷ್ಟು ದಿನ ಮಾತ್ರ ತಗೊಳ್ಳಿ. ಅಂಗಡಿಯಿಂದ ತಂದು ವರ್ಷಗಟ್ಟಲೆ ನುಂಗಬೇಡಿ.

ಮೂರ್ನಾಲ್ಕು ವಾರವಾದರೂ ದನಿ ಸರಿಹೋಗದಿದ್ದರೆ, ನುಂಗಲು ಕಷ್ಟವಾದರೆ, ತೂಕ ಇಳಿದರೆ, ರಕ್ತವಾಂತಿ ಅಥವಾ ಕಪ್ಪು ಮಲವಾದರೆ ತಡಮಾಡಬೇಡಿ. ಎದೆನೋವು ತೋಳಿಗೋ ದವಡೆಗೋ ಹರಡಿದರೆ ‘ಗ್ಯಾಸ್’ ಅಂತ ಸುಮ್ಮನಿರದೆ ಕೂಡಲೇ ಆಸ್ಪತ್ರೆಗೆ ಹೋಗಿ.

ನನ್ನ ಹರ್ನಿಯಾ ಈಗಲೂ ಇದೆ. ದನಿ ತಿಳಿಯಾಗಲು ಮೂರು ತಿಂಗಳು ಹಿಡಿಯಿತು. ಆದರೆ ಈ ಶ್ರಾವಣದಲ್ಲಿ ಪಲ್ಲವಿ ಎತ್ತಿದವಳು ನಾನೇ.