ಯಾರು ಯಾರನ್ನು ಕೇಳುತ್ತಾರೆ: ಸಂಸ್ಥೆಯೊಳಗಿನ ಸಂಬಂಧಗಳ ನಕ್ಷೆ

ಸಂಸ್ಥೆಯೊಂದರಲ್ಲಿ ಯಾರು ಯಾರ ಕೈಕೆಳಗೆ ಕೆಲಸ ಮಾಡುತ್ತಾರೆ ಎಂದು ತಿಳಿಯಲು ಹುದ್ದೆಗಳ ಪಟ್ಟಿ ಸಾಕು. ಆದರೆ ಕೆಲಸ ಎಲ್ಲೋ ಸಿಕ್ಕಿಹಾಕಿಕೊಂಡಾಗ ಯಾರು ಯಾರ ಮೇಜಿನ ಬಳಿ ಹೋಗುತ್ತಾರೆ, ಮನಸ್ಸಿನ ಅಸಮಾಧಾನವನ್ನು ಯಾರ ಕಿವಿಗೆ ಹಾಕುತ್ತಾರೆ, ವರ್ಗಾವಣೆಯ ಸುದ್ದಿ ಆದೇಶಕ್ಕಿಂತ ಮೊದಲೇ ಯಾರಿಂದ ಹಬ್ಬುತ್ತದೆ ಎಂಬುದು ಆ ಪಟ್ಟಿಯಲ್ಲಿರುವುದಿಲ್ಲ. ಇಂಥ ಸಂಬಂಧಗಳನ್ನು ಪ್ರಶ್ನೆ, ಚಿತ್ರ ಮತ್ತು ಲೆಕ್ಕಗಳ ಮೂಲಕ ಅರಿಯುವ ವಿಧಾನವೇ ಸಾಮಾಜಿಕ ಜಾಲ ವಿಶ್ಲೇಷಣೆ. ಫೇಸ್‌ಬುಕ್, ವಾಟ್ಸ್‌ಆ್ಯಪ್‌ಗಳಿಗಿಂತ ಇದು ಎಷ್ಟೋ ಹಳೆಯದು.

1932ರಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಪಟ್ಟಣದಲ್ಲಿದ್ದ ಬಾಲಕಿಯರ ತರಬೇತಿ ಶಾಲೆಯಿಂದ ಎರಡೇ ವಾರಗಳಲ್ಲಿ 14 ಹುಡುಗಿಯರು ಓಡಿಹೋದರು. ಅಲ್ಲಿ ಅಧ್ಯಯನ ನಡೆಸುತ್ತಿದ್ದ ಮನೋವೈದ್ಯ ಜೇಕಬ್ ಮೊರೆನೊ ಮತ್ತು ಅವರ ಸಹೋದ್ಯೋಗಿ ಹೆಲೆನ್ ಜೆನ್ನಿಂಗ್ಸ್ ಹುಡುಗಿಯರ ಪರಸ್ಪರ ಇಷ್ಟಾನಿಷ್ಟಗಳನ್ನು ಕೇಳಿ ತಿಳಿದು, ಒಬ್ಬೊಬ್ಬರನ್ನು ಒಂದೊಂದು ಬಿಂದುವಾಗಿ, ಸಂಬಂಧಗಳನ್ನು ಗೆರೆಗಳಾಗಿ ಬರೆದರು. ಓಡಿಹೋದವರ ಸ್ವಭಾವಕ್ಕಿಂತ ಹೆಚ್ಚಾಗಿ ಆ ಜಾಲದಲ್ಲಿ ಅವರಿದ್ದ ಜಾಗವೇ ಘಟನೆಗೆ ಕಾರಣವೆಂದು ಮೊರೆನೊ ವಾದಿಸಿದರು. ಅವರ ಪುಸ್ತಕ 1934ರಲ್ಲಿ ಹೊರಬಂತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಷಿಕಾಗೊ ಬಳಿಯ ಹಾಥಾರ್ನ್ ಕಾರ್ಖಾನೆಯ ಒಂದು ಕೋಣೆಯಲ್ಲಿ 14 ಕಾರ್ಮಿಕರನ್ನು ತಿಂಗಳುಗಟ್ಟಲೆ ಗಮನಿಸಿದ ಸಂಶೋಧಕರು ಅವರೊಳಗೆ ಎರಡು ಗುಂಪುಗಳಿದ್ದುದನ್ನು ಗುರುತಿಸಿದರು. ದಿನಕ್ಕೆ ಎಷ್ಟು ಕೆಲಸ ಮಾಡಬೇಕೆಂಬುದನ್ನು ಕಾರ್ಖಾನೆಯ ಗುರಿಗಿಂತ ಹೆಚ್ಚಾಗಿ ಕಾರ್ಮಿಕರ ನಡುವಿನ ಕಟ್ಟುಪಾಡೇ ತೀರ್ಮಾನಿಸುತ್ತಿತ್ತು.

ಇಂದಿಗೂ ಅಧ್ಯಯನದ ಜೀವಾಳ ಪ್ರಶ್ನೆಯೇ. 'ನಿಮ್ಮ ಗೆಳೆಯರು ಯಾರು?' ಎಂಬ ಸಡಿಲ ಪ್ರಶ್ನೆಗೆ ಸಡಿಲ ಉತ್ತರವೇ ಬರುತ್ತದೆ. 'ಕಳೆದ ತಿಂಗಳು ಕೆಲಸದ ತೊಡಕು ಬಂದಾಗ ಯಾರನ್ನು ಕೇಳಿದಿರಿ?' ಎಂದರೆ ಹೆಸರುಗಳು ಸಿಗುತ್ತವೆ. 20 ಜನರಿರುವ ವಿಭಾಗದಲ್ಲಿ 190 ಜೋಡಿಗಳು ಸಾಧ್ಯ. ಅವುಗಳಲ್ಲಿ ಎಷ್ಟು ಪಾಲು ಜೋಡಿಗಳ ನಡುವೆ ನಿಜವಾಗಿ ಸಂಬಂಧವಿದೆ ಎಂಬುದು ಜಾಲದ ಸಾಂದ್ರತೆ. ಕೇಳಿದವರಿಂದ ಅವರು ಹೆಸರಿಸಿದವರ ಕಡೆಗೆ ಬಾಣ ಎಳೆದರೆ, ಯಾರ ಕಡೆಗೆ ಹೆಚ್ಚು ಬಾಣಗಳು ಬರುತ್ತವೆಯೋ ಅವರು ಬೇಡಿಕೆಯಲ್ಲಿರುವವರು. ಇದಕ್ಕಿಂತ ಸೂಕ್ಷ್ಮವಾದ ಅಳತೆಯೊಂದನ್ನು ಲಿಂಟನ್ ಫ್ರೀಮನ್ 1977ರಲ್ಲಿ ಮುಂದಿಟ್ಟರು: ಉಳಿದವರ ನಡುವಿನ ಅತಿ ಹತ್ತಿರದ ದಾರಿಗಳಲ್ಲಿ ಎಷ್ಟು ದಾರಿಗಳು ಒಬ್ಬ ವ್ಯಕ್ತಿಯ ಮೂಲಕ ಹಾದುಹೋಗುತ್ತವೆ ಎಂಬ ಲೆಕ್ಕ. ಎರಡು ವಿಭಾಗಗಳನ್ನು ಬೆಸೆದಿರುವ ಗುಮಾಸ್ತರೊಬ್ಬರು ಈ ಲೆಕ್ಕದಲ್ಲಿ ವ್ಯವಸ್ಥಾಪಕರನ್ನೂ ಮೀರಿಸಬಹುದು. ಅಂಥವರು ನಿವೃತ್ತರಾದ ಮೇಲಷ್ಟೇ ಅವರ ಬೆಲೆ ತಿಳಿಯುವ ಸಂಸ್ಥೆಗಳು ಬಹಳ.

ಆದರೆ ಒಂದೇ ಸಂಸ್ಥೆಗೆ ಒಂದೇ ಜಾಲ ಎಂದುಕೊಳ್ಳುವುದು ತಪ್ಪು. ಡೇವಿಡ್ ಕ್ರಾಕ್‌ಹಾರ್ಟ್ ಅವರ ಅಧ್ಯಯನ ಇದನ್ನು ಚೆನ್ನಾಗಿ ತೋರಿಸುತ್ತದೆ. ಅಮೆರಿಕದ 36 ಜನರ ಒಂದು ಸಣ್ಣ ಕಂಪನಿಯಲ್ಲಿ ಅವರು ಸಲಹೆಯ ಜಾಲ, ಸ್ನೇಹದ ಜಾಲ ಎರಡನ್ನೂ ಬೇರೆಬೇರೆಯಾಗಿ ಬಿಡಿಸಿದರು. ಅಲ್ಲಿ ಕಾರ್ಮಿಕ ಸಂಘ ಕಟ್ಟುವ ಪ್ರಯತ್ನ ನಡೆಯಿತು. ಸಂಘದವರು ತಮ್ಮ ಪರವಾಗಿ ನೆಚ್ಚಿಕೊಂಡಿದ್ದ ಉದ್ಯೋಗಿ ಉತ್ಸಾಹಿಯೇನೋ ಹೌದು, ಆದರೆ ಸ್ನೇಹದ ಜಾಲದ ಅಂಚಿನಲ್ಲಿದ್ದವರು. ಆ ಜಾಲದ ನಡುವೆ ಇದ್ದ ಮತ್ತೊಬ್ಬರಿಗೆ ಸಂಘದ ಪರ ಇದ್ದವರೂ ಸ್ನೇಹಿತರು, ವಿರೋಧಿಗಳೂ ಸ್ನೇಹಿತರು. ಎರಡು ಕಡೆಯ ಎಳೆತಕ್ಕೆ ಸಿಕ್ಕಿ ಅವರು ಮುಂದಾಳಾಗಲಿಲ್ಲ. ಮತದಾನದಲ್ಲಿ ಸಂಘ ಸೋತಿತು. ಸಲಹೆ ಕೇಳುವುದಕ್ಕೆ ತಿಳಿವಳಿಕೆಯುಳ್ಳವರು ಸಾಕು. ಅಪಾಯದ ಹೆಜ್ಜೆಯಿಡಲು ನಂಬಿಕೆಯ ಜನ ಬೇಕು. ಈ ವ್ಯತ್ಯಾಸವನ್ನು ಗಮನಿಸದ ನಕ್ಷೆಯಿಂದ ಹೆಚ್ಚು ಪ್ರಯೋಜನವಿಲ್ಲ.

ಗುಂಪುಗಳ ನಡುವಿನ ತೆರಪುಗಳೂ ಅಷ್ಟೇ ಮುಖ್ಯ. ರೊನಾಲ್ಡ್ ಬರ್ಟ್ ಅಮೆರಿಕದ ದೊಡ್ಡ ಎಲೆಕ್ಟ್ರಾನಿಕ್ಸ್ ಕಂಪನಿಯೊಂದರ 673 ವ್ಯವಸ್ಥಾಪಕರನ್ನು ಅಧ್ಯಯನ ಮಾಡಿ 2004ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ತೆರಪನ್ನು ದಾಟಿ ಬೇರೆ ಗುಂಪಿನವರೊಡನೆ ಮಾತನಾಡುತ್ತಿದ್ದವರ ಸಲಹೆಗಳೇ ಹಿರಿಯ ಅಧಿಕಾರಿಗಳಿಗೆ ಹೆಚ್ಚು ಮೌಲಿಕವಾಗಿ ಕಂಡವು.

ಇದೇ ವಿಧಾನದ ಗಮನಾರ್ಹ ಅಧ್ಯಯನವೊಂದು ಕರ್ನಾಟಕದಲ್ಲೇ ನಡೆದಿದೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ದಕ್ಷಿಣ ಕರ್ನಾಟಕದ 75 ಹಳ್ಳಿಗಳಲ್ಲಿ ಯಾರು ಯಾರ ಮನೆಗೆ ಹೋಗಿಬರುತ್ತಾರೆ, ಸೀಮೆಎಣ್ಣೆ, ಅಕ್ಕಿಯನ್ನು ಯಾರಿಂದ ಕಡ ತರುತ್ತಾರೆ, ದೇವಸ್ಥಾನಕ್ಕೆ ಯಾರ ಜೊತೆ ಹೋಗುತ್ತಾರೆ ಎಂದೆಲ್ಲ ಕೇಳಿದರು. ಕಿರುಸಾಲದ ಸುದ್ದಿ ಮೊದಲು ತಲುಪಿದವರು ಜಾಲದಲ್ಲಿ ಒಳ್ಳೆಯ ಜಾಗದಲ್ಲಿದ್ದ ಊರುಗಳಲ್ಲಿ ಸಾಲ ಪಡೆದವರೂ ಹೆಚ್ಚು ಎಂದು 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಕಡ ಕೊಡುವ, ತರುವ ಸಂಗತಿಯನ್ನು ಪ್ರಶ್ನೆಯಾಗಿಸಿದ್ದು ಈ ಅಧ್ಯಯನದ ಹೆಚ್ಚುಗಾರಿಕೆ. ಕಚೇರಿಗಳ ಅಧ್ಯಯನಕ್ಕೂ ಅಲ್ಲಿನ ದಿನನಿತ್ಯದ ಕೊಡುಕೊಳ್ಳುವಿಕೆಯಿಂದಲೇ ಪ್ರಶ್ನೆಗಳು ಹುಟ್ಟಬೇಕು.

ಈ ವಿಧಾನಕ್ಕೆ ಮಿತಿಗಳಿವೆ. ಜಾಲದ ನಡುವಿನ ಒಬ್ಬರು ಉತ್ತರಿಸದಿದ್ದರೂ ಚಿತ್ರವೇ ಬದಲಾಗಬಹುದು. ಇಮೇಲ್‌ಗಳ ಲೆಕ್ಕದಿಂದ ಸಂಪರ್ಕ ಎಷ್ಟೆಂದು ತಿಳಿಯುತ್ತದೆ, ನಂಬಿಕೆ ಎಷ್ಟೆಂದು ತಿಳಿಯುವುದಿಲ್ಲ. ಎಲ್ಲಕ್ಕಿಂತ ದೊಡ್ಡ ತೊಡಕು ಗೋಪ್ಯತೆಯದು. ಸಾಮಾನ್ಯ ಸಮೀಕ್ಷೆಯಲ್ಲಿ ಹೆಸರಿಲ್ಲದೆ ಉತ್ತರಿಸಬಹುದು; ಇಲ್ಲಿ ಹೆಸರಿಲ್ಲದಿದ್ದರೆ ಗೆರೆಯನ್ನೇ ಎಳೆಯಲಾಗದು. ಸಮೀಕ್ಷೆಗೆ ಒಪ್ಪದವರ ಹೆಸರನ್ನೂ ಬೇರೆಯವರು ಬರೆದಿರುತ್ತಾರೆ. ಆದ್ದರಿಂದ ನಕ್ಷೆಯನ್ನು ಯಾರು ನೋಡುತ್ತಾರೆ, ಯಾವುದಕ್ಕೆ ಬಳಸುತ್ತಾರೆ ಎಂಬುದನ್ನು ಉದ್ಯೋಗಿಗಳಿಗೆ ಮೊದಲೇ ತಿಳಿಸಬೇಕು. ಬಡ್ತಿಗೆ, ಕೆಲಸದಿಂದ ತೆಗೆಯುವುದಕ್ಕೆ ಇದನ್ನು ಬಳಸಕೂಡದು.