ಕರೆಂಟ್ ಹೋದಾಗ ಹಿಂದೆ ಬಿದ್ದ ಗಡಿಯಾರ

2022ರ ಜುಲೈ ತಿಂಗಳು. ಬಕ್ರೀದ್ ಹಬ್ಬದ ಹಿಂದಿನ ದಿನ. ಹೊಸನಗರದ ಮಳೆಗಾಲ ಹೇಗಿರುತ್ತದೆಂದು ಮಲೆನಾಡಿನವರಿಗೆ ಬೇರೆ ಹೇಳಬೇಕಾಗಿಲ್ಲ. ತಗಡಿನ ಮಾಡಿನ ಮೇಲೆ ಮಳೆ ಬೀಳುವ ಸದ್ದಿಗೆ ಪಕ್ಕದಲ್ಲಿ ಕುಳಿತವರ ಮಾತೇ ಕೇಳಿಸುವುದಿಲ್ಲ. ಅಂಥದರಲ್ಲಿ ಮಸೀದಿಯ ಅಝಾನ್ ಕೇಳಿಸುವುದಾದರೂ ಹೇಗೆ?

ಅಂದು ನಮ್ಮ ಅತ್ತೆ ಅರಫಾ ಉಪವಾಸ ಹಿಡಿದಿದ್ದರು. ಎಪ್ಪತ್ತು ದಾಟಿದ ವಯಸ್ಸು, ಜೊತೆಗೆ ಸಕ್ಕರೆ ಕಾಯಿಲೆ. ಬೇಡವೆಂದರೂ ಕೇಳಿರಲಿಲ್ಲ. ಹಬ್ಬದ ಬಟ್ಟೆಗೆಂದು ನಾನೂ ಮಗನೂ ಶಿವಮೊಗ್ಗಕ್ಕೆ ಹೋಗಿದ್ದೆವು. ಮಳೆಯಿಂದಾಗಿ ಬಸ್ಸು ತಡವಾಯಿತು. ಯಜಮಾನರು ಅಂಗಡಿಯ ವ್ಯಾಪಾರದಲ್ಲಿ ಮುಳುಗಿದ್ದರು. ಅತ್ತೆ ಖರ್ಜೂರ ಮತ್ತು ನೀರನ್ನು ಮುಂದಿಟ್ಟುಕೊಂಡು ಗೋಡೆಯ ಮೇಲಿನ ಗಡಿಯಾರವನ್ನೇ ನೋಡುತ್ತಾ ಕುಳಿತಿದ್ದರಂತೆ. ಇಫ್ತಾರಿನ ಸಮಯ ಏಳು ಗಂಟೆಯ ಆಸುಪಾಸು. ಗಡಿಯಾರದಲ್ಲಿ ಇನ್ನೂ ಆರೂಮುಕ್ಕಾಲೂ ಆಗಿರಲಿಲ್ಲ. ಆಗ ಪಕ್ಕದ ಮನೆಯ ಹುಡುಗಿ ಕೊಡೆ ಹಿಡಿದು ತಿಂಡಿಯ ತಟ್ಟೆಯೊಂದಿಗೆ ಬಂದಳು.

"ದಾದಿ, ಇನ್ನೂ ಉಪವಾಸ ಬಿಟ್ಟಿಲ್ವಾ? ಮಗ್ರಿಬ್ ಆಗಿ ಅರ್ಧ ಗಂಟೆಯಾಯ್ತಲ್ಲ!"

ನಾವು ಮನೆ ಮುಟ್ಟಿದಾಗ ಅತ್ತೆಯ ಕೈ ಇನ್ನೂ ನಡುಗುತ್ತಿತ್ತು. ಸಕ್ಕರೆಯ ಅಂಶ ಇಳಿದಿತ್ತು. ಅಲ್ಲಾಹನ ದಯೆ, ಅದಕ್ಕಿಂತ ಹೆಚ್ಚಿನದೇನೂ ಆಗಲಿಲ್ಲ. ಆದರೆ ಮಗನ ಮುಖ ಕಪ್ಪಿಟ್ಟಿತು. ಏಕೆಂದರೆ ಆ ಗಡಿಯಾರವನ್ನು ಮಾಡಿದವನು ಅವನೇ.

ಅಂಗೈಯಗಲದ ಕಂಪ್ಯೂಟರ್

ಹತ್ತನೆಯ ತರಗತಿಯಲ್ಲಿದ್ದ ಮಗ ತನ್ನ ಮಾಮೂ ಕೊಟ್ಟ ಹಳೆಯ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರನ್ನು ಮೂಲೆ ಸೇರಿದ್ದ ಟಿವಿಗೆ ಜೋಡಿಸಿದ್ದ. ದಾದಿಯ ಕಣ್ಣಿಗೆ ಕಾಣುವಂತೆ ದೊಡ್ಡ ಅಂಕಿಗಳಲ್ಲಿ ಗಂಟೆ ಮತ್ತು ಐದು ಹೊತ್ತಿನ ನಮಾಝಿನ ಸಮಯ ಅದರಲ್ಲಿ ಮೂಡುತ್ತಿತ್ತು. ಟಿವಿಗೆ ಜಾಗ ಮಾಡಲೆಂದು ಗೋಡೆಯ ಹಳೆಯ ಗಡಿಯಾರವನ್ನು ನಾವೇ ಇಳಿಸಿದ್ದೆವು.

ಈ ರಾಸ್ಪ್‌ಬೆರಿ ಪೈ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಹುಟ್ಟಿ, 2012ರ ಫೆಬ್ರವರಿ 29ರಂದು ಮಾರುಕಟ್ಟೆಗೆ ಬಂತು. ಮಕ್ಕಳು ಕಂಪ್ಯೂಟರ್ ಬಳಸುವುದನ್ನಷ್ಟೇ ಅಲ್ಲ, ಅದು ಕೆಲಸ ಮಾಡುವ ಬಗೆಯನ್ನೂ ಕಲಿಯಲಿ ಎಂಬುದು ಎಬೆನ್ ಅಪ್ಟನ್ ಮತ್ತು ಸಂಗಡಿಗರ ಆಸೆಯಾಗಿತ್ತು. ಒಂದೇ ಹಲಗೆಯ ಮೇಲೆ ಇಡೀ ಕಂಪ್ಯೂಟರ್. ಹಾರ್ಡ್‌ಡಿಸ್ಕ್ ಇಲ್ಲ. ಮೊಬೈಲಿಗೆ ಹಾಕುವಂಥ ಮೆಮೊರಿ ಕಾರ್ಡೇ ಅದರ ಬುದ್ಧಿ ಮತ್ತು ನೆನಪು.

ಅದನ್ನು ನಡೆಸುವ ತಂತ್ರಾಂಶ ಲಿನಕ್ಸ್. 1991ರಲ್ಲಿ ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ್ದನ್ನು ಜಗತ್ತಿನ ಸಾವಿರಾರು ಮಂದಿ ಸೇರಿ ಬೆಳೆಸಿದರು. ಅದರ ಒಳಗುಟ್ಟು ಎಲ್ಲರಿಗೂ ತೆರೆದಿದೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು.

ಇಂಥ ಕನಸು ನಮ್ಮ ನಾಡಿಗೆ ಹೊಸತಲ್ಲ. ರಾಸ್ಪ್‌ಬೆರಿ ಪೈಗೂ ಹತ್ತು ವರ್ಷ ಮೊದಲೇ, 2001ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಮತ್ತು ಎನ್‌ಕೋರ್ ಕಂಪೆನಿಯವರು ಸೇರಿ ಸಿಂಪ್ಯೂಟರ್ ಎಂಬ ಕೈಗಣಕದ ಮಾದರಿಯನ್ನು ತೋರಿಸಿದ್ದರು. ಅದರಲ್ಲಿದ್ದುದೂ ಲಿನಕ್ಸೇ. ಅಕ್ಷರ ಬಾರದವರಿಗೂ ಬಳಸಲು ಬರಬೇಕು, ನಮ್ಮ ಭಾಷೆಗಳಲ್ಲಿರಬೇಕು ಎಂಬುದು ಅದರ ಗುರಿ. ಯಂತ್ರದ ವಿನ್ಯಾಸವನ್ನೂ ಬಯಲಿಗಿಟ್ಟಿದ್ದರು. 2004ರಲ್ಲಿ ಅಮಿಡಾ ಎಂಬ ಹೆಸರಿನಲ್ಲಿ ಅದು ಮಾರಾಟಕ್ಕೂ ಬಂತು. ಆದರೆ ನಿರೀಕ್ಷಿಸಿದಷ್ಟು ಜನರನ್ನು ಮುಟ್ಟಲಿಲ್ಲ. ಗಡಿಯಾಚೆಯ ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳು ಸರಕಾರಿ ಶಾಲೆಗಳಲ್ಲಿ ಲಿನಕ್ಸ್‌ನಲ್ಲೇ ಕಂಪ್ಯೂಟರ್ ಕಲಿಯುತ್ತಾರೆ. ನಮ್ಮಲ್ಲಿ ಮಾತ್ರ ಅದು ಇನ್ನೂ ಹೆಚ್ಚಿನವರಿಗೆ ಅಪರಿಚಿತ.

ಇಪ್ಪತ್ತಕ್ಕೆ ಐವತ್ತು ಹೇಗಾಯ್ತು?

ಅಂದು ರಾತ್ರಿ ಮಗ ಊಟ ಮಾಡಲಿಲ್ಲ. "ಅದನ್ನು ಬಿಸಾಡ್ತೀನಿ" ಎಂದ. ಯಜಮಾನರು, "ಬಿಸಾಡಿದರೆ ತಪ್ಪು ಎಲ್ಲಾಯ್ತು ಅಂತ ಗೊತ್ತಾಗುತ್ತಾ? ಮೊದಲು ಹುಡುಕು, ಆಮೇಲೆ ಬಿಸಾಡು" ಎಂದರು.

ಮೊದಲ ಅನುಮಾನ ಲೆಕ್ಕದ ಮೇಲೆ. ನಮಾಝಿನ ಸಮಯ ಸೂರ್ಯನ ಚಲನೆಯನ್ನು ಅವಲಂಬಿಸಿದೆ. ಭಾರತದ ಗಡಿಯಾರ ನಡೆಯುವುದು ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಹೊಸನಗರ ಇರುವುದು ಸುಮಾರು ಎಪ್ಪತ್ತೈದು ಡಿಗ್ರಿಯಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮಲ್ಲಿ ಸೂರ್ಯ ಸುಮಾರು ಅರ್ಧ ಗಂಟೆ ತಡವಾಗಿ ನಡುನೆತ್ತಿಗೆ ಬರುತ್ತಾನೆ. ಊರಿನ ಸ್ಥಾನವನ್ನು ತಪ್ಪಾಗಿ ಕೊಟ್ಟರೆ ಎಲ್ಲ ಸಮಯವೂ ತಪ್ಪುತ್ತದೆ. ಮಗ ಮಸೀದಿಯ ವೇಳಾಪಟ್ಟಿಯೊಂದಿಗೆ ಹೋಲಿಸಿ ನೋಡಿದ. ಲೆಕ್ಕ ಸರಿಯಾಗಿತ್ತು. ತಪ್ಪಿದ್ದು ಗಡಿಯಾರ. ಅದು ಐವತ್ತು ನಿಮಿಷ ಹಿಂದಿತ್ತು.

ಮಧ್ಯಾಹ್ನ ಕರೆಂಟ್ ಹೋಗಿತ್ತೆಂದು ಅಂಗಡಿಯಲ್ಲಿದ್ದ ಯಜಮಾನರು ಹೇಳಿದರು. ಆದರೆ ಹೋಗಿದ್ದುದು ಇಪ್ಪತ್ತೇ ನಿಮಿಷ! ಹಾಗಾದರೆ ಉಳಿದ ಮೂವತ್ತು ನಿಮಿಷ ಎಲ್ಲಿಗೆ ಹೋಯಿತು?

ಉತ್ತರ ಸಿಕ್ಕಿದ್ದು ಲಿನಕ್ಸ್ ಬರೆದಿಡುವ ದಿನಚರಿಯಲ್ಲಿ. ಯಂತ್ರದೊಳಗೆ ನಡೆಯುವುದನ್ನೆಲ್ಲ ಅದು ಸಮಯ ಸಹಿತ ಒಂದೊಂದು ಸಾಲಾಗಿ ಬರೆದಿಡುತ್ತದೆ. ಮಗ ಅದನ್ನು ತೆರೆದು ನನಗೂ ತೋರಿಸಿದ. 3 ಗಂಟೆ 47 ನಿಮಿಷಕ್ಕೆ ಒಂದು ಸಾಲು. ಅದರ ಕೆಳಗಿನ ಸಾಲಿನಲ್ಲಿ 3 ಗಂಟೆ 17 ನಿಮಿಷ! ಸಮಯ ಹಿಂದಕ್ಕೆ ನಡೆದಿತ್ತು.

ವಿಷಯವಿಷ್ಟೆ. ನಮ್ಮ ಮೇಜಿನ ಕಂಪ್ಯೂಟರುಗಳ ಒಳಗೆ ಗುಂಡಿಯಂಥ ಒಂದು ಪುಟ್ಟ ಬ್ಯಾಟರಿ ಇರುತ್ತದೆ. ಕರೆಂಟ್ ಇಲ್ಲದಾಗಲೂ ಗಡಿಯಾರವನ್ನು ಅದು ನಡೆಸುತ್ತದೆ. ರಾಸ್ಪ್‌ಬೆರಿ ಪೈಯ ಹಳೆಯ ಮಾದರಿಗಳಲ್ಲಿ ಆ ಗಡಿಯಾರವೇ ಇಲ್ಲ. ಅದು ಸಮಯ ಕೇಳುವುದು ಇಂಟರ್‌ನೆಟ್‌ನಲ್ಲಿ. ನಮ್ಮ ಮನೆಯ ಇಂಟರ್‌ನೆಟ್ ಎಂದರೆ ಮಗನ ಮೊಬೈಲ್. ಅದು ಅವನ ಜೇಬಿನಲ್ಲಿ ಶಿವಮೊಗ್ಗಕ್ಕೆ ಹೋಗಿತ್ತು. ಕೇಳಲು ಯಾರೂ ಇಲ್ಲದಾಗ ಯಂತ್ರ ತಾನು ಕೊನೆಯ ಬಾರಿ ಕಾರ್ಡಿನಲ್ಲಿ ಬರೆದಿಟ್ಟ ಸಮಯದಿಂದಲೇ ಎಣಿಕೆ ಆರಂಭಿಸುತ್ತದೆ. ಹೀಗೆ ಬರೆದಿಡುವುದು ಗಂಟೆಗೊಮ್ಮೆ ಮಾತ್ರ. ಕೊನೆಗೆ ಬರೆದದ್ದು 3.17ಕ್ಕೆ, ಕರೆಂಟ್ ಹೋದದ್ದು 3.47ಕ್ಕೆ, ಬಂದದ್ದು 4.07ಕ್ಕೆ. ಅಲ್ಲಿಗೆ ಐವತ್ತು ನಿಮಿಷದ ಲೆಕ್ಕ ಚುಕ್ತಾ!

ಯೋಚಿಸಿ ನೋಡಿ. ಇಫ್ತಾರಿನಲ್ಲಿ ಹಿಂದೆ ಬಿದ್ದ ಗಡಿಯಾರ ಹಸಿವನ್ನು ಹೆಚ್ಚಿಸುತ್ತದೆ. ಸಹರಿಯಲ್ಲಿ ಹಿಂದೆ ಬಿದ್ದರೆ ಉಪವಾಸವನ್ನೇ ಕೆಡಿಸುತ್ತದೆ.

ಒಂದಕ್ಕೆ ಮದ್ದು, ಇನ್ನೊಂದಕ್ಕೆ ರೋಗ

ಬ್ಯಾಟರಿ ಇರುವ ಗಡಿಯಾರದ ಚಿಪ್ಪು ಬೇರೆಯಾಗಿ ಸಿಗುತ್ತದೆಂದು ಮಗ ತಿಳಿದುಕೊಂಡ. ಅದು ಬರುವ ಮೊದಲೇ ಇನ್ನೊಂದು ತೊಂದರೆ ಎದುರಾಯಿತು. ಒಂದು ಸಂಜೆ ಗಾಳಿಮಳೆಗೆ ಕರೆಂಟ್ ನಾಲ್ಕೈದು ಬಾರಿ ಹೋಗಿ ಬಂತು. ಆಮೇಲೆ ಯಂತ್ರ ಏಳಲೇ ಇಲ್ಲ. ಕೆಂಪು ದೀಪ ಉರಿಯುತ್ತಿತ್ತು, ಹಸಿರು ದೀಪ ಮಿನುಗುತ್ತಿರಲಿಲ್ಲ.

ಕೆಂಪು ದೀಪ ಕರೆಂಟಿನದು, ಹಸಿರು ದೀಪ ಕಾರ್ಡನ್ನು ಓದುವುದರದು. ಕಾರ್ಡಿಗೆ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಬರಹ ಅರ್ಧಕ್ಕೆ ನಿಲ್ಲುತ್ತದೆ. ಅಕ್ಕಿ ಅಳೆಯುತ್ತಿರುವಾಗ ಕೈತಟ್ಟಿ ಸೇರು ಉರುಳಿದಂತೆ, ಎಲ್ಲಿಯವರೆಗೆ ಎಣಿಸಿದ್ದೆವು ಎಂಬುದೇ ಮರೆತುಹೋಗುತ್ತದೆ. ಶರಾವತಿಯ ನೀರಿಗೆ ನಮ್ಮ ತಾಲೂಕಿನ ಎಷ್ಟೋ ಹಳ್ಳಿಗಳು ಮುಳುಗಿ ನಾಡಿಗೆಲ್ಲ ಬೆಳಕಾಯಿತು. ಆದರೆ ಮಳೆಗಾಲದಲ್ಲಿ ನಮ್ಮ ಮನೆಗಳಲ್ಲಿ ಕರೆಂಟ್ ನಿಲ್ಲುವುದಿಲ್ಲ. ಹಾಗಾಗಿ ಕಾರ್ಡು ಕೆಡುವುದು ನಮ್ಮಲ್ಲಿ ಬೇರೆಡೆಗಿಂತ ಹೆಚ್ಚೇ ಎನ್ನಬೇಕು.

ಮಗ ಕಾರ್ಡನ್ನು ತೆಗೆದು, ಲಿನಕ್ಸ್ ಇದ್ದ ಗೆಳೆಯನ ಲ್ಯಾಪ್‌ಟಾಪಿಗೆ ಹಾಕಿ, ಕಡತ ವ್ಯವಸ್ಥೆಯನ್ನು ತಪಾಸಣೆ ಮಾಡುವ ಆಜ್ಞೆ ಕೊಟ್ಟ. ಅದು ಕೆಟ್ಟ ಜಾಗಗಳನ್ನು ಹುಡುಕಿ ಸರಿಪಡಿಸಿತು. ಯಂತ್ರ ಎದ್ದಿತು. ಇದು ಮರುಕಳಿಸಬಾರದೆಂದು ಅವನು ಕಾರ್ಡಿಗೆ ಬೀಗ ಹಾಕಿದ. ಅಂದರೆ, ಕಾರ್ಡನ್ನು ಓದುವುದು ಮಾತ್ರ. ಹೊಸದಾಗಿ ಬರೆಯುವುದೆಲ್ಲ ತಾತ್ಕಾಲಿಕ ನೆನಪಿನಲ್ಲೇ ಇದ್ದು ಕರೆಂಟ್ ಹೋದಾಗ ಅಳಿಸಿಹೋಗುತ್ತದೆ. ಇಂಥ ಅನುಕೂಲ ಆ ಲಿನಕ್ಸ್‌ನಲ್ಲೇ ಇದೆ.

ಎಲ್ಲ ಸರಿಹೋಯಿತೆಂದು ಕುಳಿತರೆ, ಮುಂದಿನ ಬಾರಿ ಕರೆಂಟ್ ಹೋಗಿ ಬಂದಾಗ ಗಡಿಯಾರ ಹನ್ನೊಂದು ದಿನ ಹಿಂದಕ್ಕೆ ಹೋಗಿತ್ತು! ಮಗ ತಲೆಯ ಮೇಲೆ ಕೈಯಿಟ್ಟ. ಸ್ವಲ್ಪ ಹೊತ್ತಿನ ಬಳಿಕ ಅವನೇ ನಗತೊಡಗಿದ. ಗಂಟೆಗೊಮ್ಮೆ ಸಮಯ ಬರೆದಿಡುತ್ತಿದ್ದ ಕಾರ್ಡಿಗೆ ಈಗ ಬೀಗ. ಯಂತ್ರಕ್ಕೆ ನೆನಪಿರುವುದು ಬೀಗ ಹಾಕಿದ ದಿನದ ಸಮಯ ಮಾತ್ರ. ಒಂದು ರೋಗಕ್ಕೆ ಕೊಟ್ಟ ಮದ್ದು ಇನ್ನೊಂದನ್ನು ಹೆಚ್ಚಿಸಿತ್ತು.

ಕೊನೆಗೆ ಡಿಎಸ್3231 ಎಂಬ ಗಡಿಯಾರದ ಚಿಪ್ಪು ಅಂಚೆಯಲ್ಲಿ ಬಂತು. ಬೆರಳಿನ ತುದಿಯಷ್ಟೇ ದೊಡ್ಡದು. ನಮ್ಮ ಹವೆಯಲ್ಲಿ ವರ್ಷಕ್ಕೆ ಸುಮಾರು ಒಂದು ನಿಮಿಷಕ್ಕಿಂತ ಹೆಚ್ಚು ತಪ್ಪುವುದಿಲ್ಲ. ನಾಲ್ಕು ತಂತಿಗಳ ಜೋಡಣೆ: 3.3 ವೋಲ್ಟಿನದೊಂದು, ನೆಲದ್ದೊಂದು, ಮಾಹಿತಿಗೆ ಎರಡು. ಅದನ್ನು ಐದು ವೋಲ್ಟಿಗೆ ಕೊಡಬಾರದು. ಕೆಲವು ಹಲಗೆಗಳಲ್ಲಿ ಬ್ಯಾಟರಿಯನ್ನು ಚಾರ್ಜ್ ಮಾಡುವ ಏರ್ಪಾಡು ಇದ್ದು, ಚಾರ್ಜ್ ಆಗದ ಬ್ಯಾಟರಿ ಹಾಕಿದ್ದರೆ ಅಪಾಯ. ಜೋಡಿಸಿದ ಮೇಲೆ ಹುಡುಕುವ ಆಜ್ಞೆ ಕೊಟ್ಟಾಗ ಪರದೆಯಲ್ಲಿ 68 ಎಂಬ ಅಂಕಿ ಮೂಡಿದರೆ ಚಿಪ್ಪು ಸಿಕ್ಕಿದೆಯೆಂದೇ ಅರ್ಥ. ಮೊದಲ ಸಲ ಮೂಡಲಿಲ್ಲ. ಎರಡು ತಂತಿ ಅದಲುಬದಲಾಗಿದ್ದವು. ಬದಲಿಸಿದ ಕೂಡಲೇ ಮೂಡಿತು.

ಆಮೇಲೆ ಪರೀಕ್ಷೆ. ಮೊಬೈಲಿನ ನೆಟ್ ನಿಲ್ಲಿಸಿ, ಪ್ಲಗ್ ಕಿತ್ತು, ಒಂದು ಗಂಟೆ ಕಾದು ಮತ್ತೆ ಹಾಕಿದ. ಗಡಿಯಾರ ಒಂದು ನಿಮಿಷವೂ ತಪ್ಪಿರಲಿಲ್ಲ. ಸರಿಯಾಯಿತೆಂದು ನಂಬಿದರೆ ಸಾಲದು, ಕೆಡಿಸಿ ನೋಡಿ ಖಚಿತಪಡಿಸಿಕೊಳ್ಳಬೇಕು ಎಂಬುದನ್ನು ಆ ದಿನ ನಾನೂ ಕಲಿತೆ.

ನಿಮ್ಮ ಮಕ್ಕಳ ಬಳಿಯೂ ಇದ್ದರೆ

ಇಂಥ ಪುಟ್ಟ ಕಂಪ್ಯೂಟರ್ ಕೈಕೊಟ್ಟಾಗ ಕೆಟ್ಟುಹೋಯಿತೆಂದು ಮೂಲೆಗೆ ಎಸೆಯಬೇಡಿ. ಕೆಳಗಿನ ಕ್ರಮದಲ್ಲಿ ನೋಡುತ್ತಾ ಬನ್ನಿ.

* ಮೊದಲು ಕರೆಂಟ್. ಹಳೆಯ ಮೊಬೈಲ್ ಚಾರ್ಜರ್ ಮತ್ತು ಸಪೂರ ಕೇಬಲ್ ಸಾಲುವುದಿಲ್ಲ. ಯಂತ್ರಕ್ಕೆ ಬೇಕಾದುದು ಐದು ವೋಲ್ಟ್. ಅದು 4.63ಕ್ಕಿಂತ ಕೆಳಗಿಳಿದರೆ ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಕಾಣಿಸುತ್ತದೆ. ಪೈ 3ರಂಥ ಮಾದರಿಯಲ್ಲಿ ಕೆಂಪು ದೀಪವೂ ಆರುತ್ತದೆ. ಕಾರಣವಿಲ್ಲದೆ ನಿಂತುಹೋಗುವ ಯಂತ್ರಕ್ಕೆ ಎಷ್ಟೋ ಸಲ ಇದೇ ಕಾಯಿಲೆ.

* ನಂತರ ಕಾರ್ಡ್. ಇನ್ನೊಂದು ಕಾರ್ಡಿಗೆ ಲಿನಕ್ಸ್ ತುಂಬಿ ಹಾಕಿ ನೋಡಿ. ಎದ್ದರೆ ಯಂತ್ರ ಚೆನ್ನಾಗಿದೆ, ಹಳೆಯ ಕಾರ್ಡಿನಲ್ಲಿ ದೋಷ. ಎಲ್ಲ ಸರಿಯಿರುವಾಗಲೇ ಕಾರ್ಡಿನ ಒಂದು ಪ್ರತಿ ತೆಗೆದಿಡಿ.

* ಆಮೇಲೆ ಸಮಯ. ನೆಟ್ ಇದ್ದರೂ ಅಂತರ್ಜಾಲದ ಪುಟಗಳು ತೆರೆಯದಿದ್ದರೆ ದಿನಾಂಕ ನೋಡಿ. ದಿನಾಂಕ ತಪ್ಪಿದ್ದರೆ ಸುರಕ್ಷಿತ ಪುಟಗಳು ತೆರೆಯುವುದಿಲ್ಲ. ಗಡಿಯಾರ ನಾಲ್ಕೂವರೆ ಅಥವಾ ಐದೂವರೆ ಗಂಟೆ ಹಿಂದಿದ್ದರೆ ಅದು ಇಂಗ್ಲೆಂಡಿನ ಸಮಯ ತೋರಿಸುತ್ತಿದೆ. ಭಾರತದ ಸಮಯಕ್ಕೆ ಬದಲಿಸಿ.

* ಪರದೆಯ ಮೇಲೆ ಬರುವ ತಪ್ಪಿನ ಸಂದೇಶವನ್ನು ಓದದೆ ಬಿಡಬೇಡಿ. ಇದ್ದ ಹಾಗೆ ಬರೆದುಕೊಳ್ಳಿ.

* ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೂರನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತೆಂದು ತಿಳಿಯುವುದಿಲ್ಲ.

* ಮಲೆನಾಡಿನವರು ಯಂತ್ರವನ್ನು ಪೆಟ್ಟಿಗೆಯೊಳಗೆ ಇಡಬೇಕು. ತೇವಕ್ಕೆ ತಾಮ್ರ ಕಿಲುಬು ಹಿಡಿಯುತ್ತದೆ. ಗುಡುಗು ಸಿಡಿಲಿನ ಹೊತ್ತಿಗೆ ಪ್ಲಗ್ ಕಿತ್ತಿಡಿ.

ಮಗ ಈಗ ಡಿಪ್ಲೊಮಾ ಓದುತ್ತಿದ್ದಾನೆ. ಅಂದು ತಪ್ಪು ಹುಡುಕುವಾಗ ಬರೆದ ಅವನ ಪುಸ್ತಕ ನಮ್ಮ ಅಂಗಡಿಯದೊಂದು ಹಳೆಯ ಲೆಕ್ಕದ ಪುಸ್ತಕ. ಒಂದು ಕಡೆ ಸಾಲ ಕೊಂಡವರ ಬಾಕಿ, ಇನ್ನೊಂದು ಕಡೆ ಅವನ ತಪ್ಪುಗಳ ಪಟ್ಟಿ. ಪರೀಕ್ಷೆಯಲ್ಲಿ ತಪ್ಪಿದರೆ ನಾವು ಮಕ್ಕಳನ್ನು ಬಯ್ಯುತ್ತೇವೆ. ತಪ್ಪನ್ನು ಬೆನ್ನಟ್ಟಿ ಹೋಗಿ ಅದರ ಬುಡ ಹುಡುಕುವುದನ್ನು ಕಲಿಸುತ್ತೇವೆಯೇ? ಒಳಗೆ ನೋಡಲು ಬಿಡದ ಯಂತ್ರವಾಗಿದ್ದರೆ ಮಗನಿಗೆ ಆ 3.17ರ ಸಾಲು ಕಾಣಿಸುತ್ತಲೇ ಇರಲಿಲ್ಲ. ಯಂತ್ರವನ್ನು ಬಿಸಾಡುತ್ತಿದ್ದ, ಅದರೊಂದಿಗೆ ತನ್ನ ಮೇಲಿನ ನಂಬಿಕೆಯನ್ನೂ.

ಅತ್ತೆ ಮಾತ್ರ ಪಟ್ಟು ಹಿಡಿದು ಹಳೆಯ ಗೋಡೆ ಗಡಿಯಾರಕ್ಕೆ ಹೊಸ ಸೆಲ್ ಹಾಕಿಸಿ ಟಿವಿಯ ಪಕ್ಕದಲ್ಲೇ ತೂಗುಹಾಕಿಸಿದರು.

"ದಾದಿ, ಈಗ ನನ್ನದು ಸರಿಯಾಗಿದೆ. ಅದ್ಯಾಕೆ?" ಎಂದು ಮಗ ಕೇಳಿದ.

"ನಿನ್ನದು ಸರಿಯಿದೆ ಬೇಟಾ. ಆದರೆ ಒಂದೇ ಗಡಿಯಾರ ಇದ್ದರೆ ಅದು ತಪ್ಪಿದ್ದು ಗೊತ್ತಾಗೋದಿಲ್ಲ" ಎಂದರು ಅತ್ತೆ.

ಮಗ ತನ್ನ ಪುಸ್ತಕದ ಕೊನೆಯ ಸಾಲಾಗಿ ಅದನ್ನೂ ಬರೆದುಕೊಂಡಿದ್ದಾನೆ.