ನಂದೂರ ಎಂಬ ಹದಿನೈದು ಬೈಟುಗಳು

ಕಲಬುರಗಿ ಸಮೀಪದ ನಂದೂರದ ಹೆಸರನ್ನು ಕನ್ನಡದಲ್ಲಿ ಬರೆದಾಗ ಓದುಗರಿಗೆ ನಂ, ದೂ, ರ ಎಂಬ ಮೂರು ಅಕ್ಷರಗಳು ಕಂಡರೂ, ಗಣಕಯಂತ್ರದ ಸ್ಮೃತಿಯಲ್ಲಿ ಅಕ್ಷರವೆಂಬುದೇ ಇರುವುದಿಲ್ಲ; ಅಲ್ಲಿರುವುದು 0ಯಿಂದ 255ರವರೆಗಿನ ಒಂದು ಸಂಖ್ಯೆಯನ್ನು ಹಿಡಿಯಬಲ್ಲ ಬೈಟ್ ಎಂಬ ಘಟಕಗಳ ಸಾಲು ಮಾತ್ರ. ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಸ್ಟ್ರಿಂಗ್ ಎನಿಸಿಕೊಳ್ಳುವ ಪಠ್ಯವೂ ತಳಮಟ್ಟದಲ್ಲಿ ಇಂಥ ಸಾಲೇ.

ಯಾವ ಲಿಪಿಚಿಹ್ನೆಗೆ ಯಾವ ಸಂಖ್ಯೆ ಎಂಬುದನ್ನು ಜಗತ್ತಿಗೆಲ್ಲ ಒಂದೇ ಬಗೆಯಲ್ಲಿ ಗೊತ್ತುಪಡಿಸಿರುವ ಯುನಿಕೋಡ್‌ನಲ್ಲಿ, 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಸ್ಥಾನಗಳ ವಿಭಾಗವಿದೆ. ಅನುಸ್ವಾರಕ್ಕೂ ಊಕಾರದ ಚಿಹ್ನೆಗೂ ಅಲ್ಲಿ ಸ್ವತಂತ್ರ ಸಂಖ್ಯೆಗಳಿರುವುದರಿಂದ ನಂದೂರ ಐದು ಸಂಕೇತಗಳಾಗುತ್ತದೆ. ಈ ಸಂಕೇತಗಳನ್ನು ಬೈಟುಗಳಾಗಿಸಲು 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೇಕು. ‘ನ’ ಎಂಬುದು 224, 178, 168 ಎಂದಾಗುತ್ತದೆ. ಹೀಗಾಗಿ ನಂದೂರದ ಉದ್ದವೆಷ್ಟೆಂದು ಕೇಳಿದರೆ ಗೋ ಭಾಷೆ 15 ಎನ್ನುತ್ತದೆ, ಪೈಥಾನ್‌ನ ಮೂರನೆಯ ಆವೃತ್ತಿ 5 ಎನ್ನುತ್ತದೆ, ಸ್ವಿಫ್ಟ್ 3 ಎನ್ನುತ್ತದೆ. ಮೂರೂ ಸರಿಯೇ, ಒಂದು ಬೈಟನ್ನೂ ಇನ್ನೊಂದು ಸಂಕೇತವನ್ನೂ ಮತ್ತೊಂದು ಅಕ್ಷರವನ್ನೂ ಎಣಿಸಿರುತ್ತದೆ.

ಬೈಟ್ ಮಟ್ಟದ ಕೆಲಸವೇ ತಪ್ಪೆಂದು ಇದರ ಅರ್ಥವಲ್ಲ. ಪಠ್ಯವನ್ನು ನಕಲು ಮಾಡಲು, ಕಳುಹಿಸಲು ಅದಕ್ಕಿಂತ ವೇಗದ ದಾರಿಯಿಲ್ಲ. ಸಂಕೇತದ ಮೊದಲ ಬೈಟು ಎಂದೂ 128ರಿಂದ 191ರ ನಡುವೆ ಬರದಂತೆಯೂ ಮುಂದಿನವು ಆ ಮಿತಿಯಲ್ಲೇ ಇರುವಂತೆಯೂ ಯುಟಿಎಫ್-8 ಏರ್ಪಡಿಸಿರುವುದರಿಂದ, ಹುಡುಕಾಟವು ಸಂಕೇತವೊಂದರ ನಡುವಿನಿಂದ ಆರಂಭವಾಗಿ ತಪ್ಪು ಪದವನ್ನು ತೋರಿಸುವ ಭಯವೂ ಇಲ್ಲ. ಹೋಲಿಕೆಯಲ್ಲಿ ಮಾತ್ರ ಎಚ್ಚರ ಬೇಕು: ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳಾಗಿಯೂ ದಾಖಲಿಸಬಹುದಾದ್ದರಿಂದ, ಕಣ್ಣಿಗೆ ಒಂದೇ ಆಗಿರುವ ಎರಡು ಪದಗಳು ಬೈಟುಗಳಲ್ಲಿ ಬೇರೆಯಾಗಿರಬಹುದು.

ನಿಜವಾದ ಅಪಾಯವಿರುವುದು ಕತ್ತರಿಸುವಲ್ಲಿ. ನಂದೂರವನ್ನು ಹತ್ತನೆಯ ಬೈಟಿಗೆ ತುಂಡರಿಸಿದರೆ ಊಕಾರದ ಮೊದಲ ಬೈಟು ಒಂಟಿಯಾಗಿ ಉಳಿದು, ಪರದೆಯ ಮೇಲೆ ಸಾಮಾನ್ಯವಾಗಿ ಪ್ರಶ್ನಾರ್ಥಕವುಳ್ಳ ವಜ್ರಾಕೃತಿಯೊಂದು ಮೂಡುತ್ತದೆ. ದೋಷ ಕಣ್ಣಿಗೆ ಬೀಳುವುದರಿಂದ ಅದನ್ನು ತಿದ್ದಬಹುದು. ಒಂಬತ್ತನೆಯ ಬೈಟಿಗೆ ತುಂಡರಿಸಿದರೆ ಉಳಿಯುವುದು ‘ನಂದ’. ಬೈಟುಗಳೆಲ್ಲ ಕ್ರಮಬದ್ಧ, ಪದವೂ ಅರ್ಥಪೂರ್ಣ, ಯಂತ್ರದ ದೂರಿಲ್ಲ. ಊರು ಮಾತ್ರ ವ್ಯಕ್ತಿಯ ಹೆಸರಾಗಿ ದಾಖಲೆಯಲ್ಲಿ ಕುಳಿತಿರುತ್ತದೆ. ಎರಡರಲ್ಲಿ ಹೆಚ್ಚು ಕೆಟ್ಟದ್ದು ಈ ಮೌನದ ತಪ್ಪೇ. ಇಂಗ್ಲಿಷಿನಲ್ಲಿ ಒಂಬತ್ತು ಬೈಟುಗಳಲ್ಲಿ ಮುಗಿಯುವ ಕಮಲಾಪುರ ಎಂಬ ಊರಿನ ಹೆಸರಿಗೆ ಕನ್ನಡದಲ್ಲಿ 21 ಬೈಟು ಬೇಕಾಗಿರುವಾಗ, ಇಂಗ್ಲಿಷ್ ಹೆಸರುಗಳನ್ನಷ್ಟೇ ನೆನೆದು 20 ಬೈಟಿಗೆ ನಿಗದಿಪಡಿಸಿದ ದತ್ತಾಂಶದ ಕೋಶದಲ್ಲಿ ಅದು ಹಿಡಿಸುವುದೇ ಇಲ್ಲ. ಕನ್ನಡ ಹೆಸರುಗಳನ್ನು ದಾಖಲಿಸುವ ತಂತ್ರಾಂಶ ರೂಪಿಸುವವರು ಹೆಸರನ್ನು ಕತ್ತರಿಸುವ ಬದಲು ಕೋಶವನ್ನೇ ಹಿಗ್ಗಿಸಬೇಕು. ಕತ್ತರಿಸುವುದು ಅನಿವಾರ್ಯವಾದರೆ ಅಕ್ಷರದ ಗಡಿಯಲ್ಲಿಯೇ ಕತ್ತರಿಸಿ, ಹೆಸರು ಅಪೂರ್ಣವೆಂಬ ಗುರುತನ್ನೂ ಇಡಬೇಕು.